ಯಹೂದಿಗಳು ವಾರವಾರ ಓದುವ ತೋರಾ ಭಾಗಕ್ಕೂ ದಿನದ ಬದುಕಿಗೂ ಏನು ಸಂಬಂಧ?

ತೋರಾ ಅಂದರೆ ಯಹೂದಿಗಳ ಪವಿತ್ರ ಗ್ರಂಥ. ಅದನ್ನು 54 ಭಾಗ ಮಾಡಿ ವರ್ಷಪೂರ್ತಿ ಓದುತ್ತಾರೆ. ವಾರದ ಭಾಗಕ್ಕೆ 'ಪರಾಶಾ' ಎಂದು ಹೆಸರು. ಸಂಬಂಧ ಹೇಗೆ ಅಂದರೆ, ಒಂದು ಗೋಡೆ ನೋಡಿ.

ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ 'ಕಿ ತೇತ್ಸೆ' ಎಂಬ ಪರಾಶಾ ಬರುತ್ತದೆ. ಅದರಲ್ಲೊಂದು ಮಾತಿದೆ: ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಗೋಡೆ ಎಬ್ಬಿಸು, ಯಾರಾದರೂ ಬಿದ್ದರೆ ಆ ರಕ್ತದ ಹೊಣೆ ನಿನ್ನದು. ನಮ್ಮ ತಾರಸಿಯ ಪ್ಯಾರಪೆಟ್ಟೇ ಅಲ್ವಾ!

ಸುಮ್ನೆ ಗೋಡೆ ಎಂದರೆ ಆಗಲಿಲ್ಲ. ಎಷ್ಟು ಎತ್ತರ? ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಲೆಕ್ಕ ಹಾಕಿದರು: 10 ಅಂಗೈ ಅಗಲ, ಅಂದರೆ 80 ಸೆಂಟಿಮೀಟರ್ ಅಥವಾ ಸ್ವಲ್ಪ ಜಾಸ್ತಿ. ಒರಗಿದರೆ ಮುರಿಯಬಾರದು. ಮಾಳಿಗೆ ನಾಲ್ಕು ಮೊಳ ಉದ್ದ, ನಾಲ್ಕು ಮೊಳ ಅಗಲ ಇಲ್ಲದಿದ್ದರೆ ಈ ನಿಯಮ ಇಲ್ಲ. ಯಾರೂ ಹತ್ತದ ಇಳಿಜಾರು ಹೆಂಚಿನ ಮಾಡಿಗೂ ಬೇಡ.

ಆಮೇಲೆ ನಿಯಮ ಮಾಳಿಗೆಯಿಂದ ಕೆಳಗಿಳಿಯಿತು. ಬಾವಿಗೂ ಕಟ್ಟೆ ಬೇಕು. ಮನೆಯಲ್ಲಿ ಅಲುಗಾಡುವ ಏಣಿ ಇಡಬೇಡ, ಕಚ್ಚುವ ನಾಯಿ ಸಾಕಬೇಡ ಎಂದು ತಾಲ್ಮೂದ್ (ರಬ್ಬಿಗಳ ಚರ್ಚೆಗಳನ್ನು ಸೇರಿಸಿದ ಗ್ರಂಥ) ಇದೇ ಸಾಲಿನಿಂದ ಹೇಳುತ್ತದೆ. ಈಗಿನ ಈಜುಕೊಳದ ಬೇಲಿಯ ಚರ್ಚೆಗೂ ಬೇರು ಇದೇ.

ನನಗೆ ಇಷ್ಟವಾದ ಸಂಗತಿ ಬೇರೆ: ಗೋಡೆ ಕಟ್ಟುವಾಗ ಅದಕ್ಕೂ ಒಂದು ಪ್ರಾರ್ಥನೆ ಹೇಳುತ್ತಾರೆ, ಹಬ್ಬದ ದೀಪ ಹಚ್ಚುವಾಗ ಹೇಳುವ ಹಾಗೆ.