ಚಳಿ ಕೆಳಗಿಂದ ಬರುತ್ತದೆ, ಮ್ಯಾಟ್ ಅದನ್ನು ನೋಡಿ ತಗೊಳ್ಳಿ

ಸರ್, ಡಿಸೆಂಬರ್ ಕೊನೆಗೆ ಕಕ್ಕಬೆ ಹತ್ತಿರ ಗೆಳೆಯರ ತೋಟದಲ್ಲಿ ಎರಡು ರಾತ್ರಿ ಟೆಂಟ್, ಮಗ್ಗುಲಾಗಿ ಮಲಗುವ ಅಭ್ಯಾಸ, ಸೊಂಟ ನೋವು ಬೇರೆ, ಯಾವ ಮ್ಯಾಟ್ ಆಗಬಹುದು ಅಂತ ಕೇಳಿದ್ದೀರಿ. ಎಲ್ಲರೂ ಮೆತ್ತಗಿರುವುದನ್ನೇ ಹೇಳುತ್ತಿದ್ದಾರೆ. ಆ ತಿಂಗಳಲ್ಲಿ ಕೊಡಗಿಗೆ ಬರುವವರು ಮೊದಲು ಚಳಿ ನೋಡಬೇಕು.

ನಾನೂ ಒಮ್ಮೆ ಮೋಸ ಹೋದವನೇ. ಒಂದು ಗೇಣು ಎತ್ತರದ ಗಾಳಿ ಹಾಸಿಗೆ ತಂದು ಕಾಫಿ ಒಣಗಿಸುವ ಕಣದ ಸಿಮೆಂಟ್ ಮೇಲೆ ಹಾಸಿದೆ. ರಾತ್ರಿ ಹತ್ತಕ್ಕೆ ಸುಖವೋ ಸುಖ. ಎರಡು ಗಂಟೆಗೆ ಹಲ್ಲು ಕಟಕಟ. ಹೊದ್ದಿದ್ದ ಎರಡು ಕಂಬಳಿಯಲ್ಲಿ ಒಂದನ್ನು ಅಡಿಗೆ ಹಾಕಿದ ಮೇಲೆಯೇ ನಿದ್ದೆ ಬಂದಿದ್ದು. ಬರೀ ಗಾಳಿ ತುಂಬಿದ ಹಾಸಿಗೆಯೊಳಗೆ ಆ ಗಾಳಿ ಓಡಾಡುತ್ತಾ ಮೈಯ ಬಿಸಿಯನ್ನು ನೆಲಕ್ಕೆ ಇಳಿಸುತ್ತದೆ. ಸ್ಲೀಪಿಂಗ್ ಬ್ಯಾಗ್ ಇದೆಯಲ್ಲ ಅನ್ನಬೇಡಿ, ಮೈಯಡಿ ಅದರೊಳಗೆ ತುಂಬಿದ್ದು ಅಪ್ಪಚ್ಚಿಯಾಗಿ ಬಿಸಿ ಹಿಡಿಯುವುದಿಲ್ಲ.

ಅದಕ್ಕೇ ಡಬ್ಬದ ಮೇಲೆ ಆರ್ ವ್ಯಾಲ್ಯೂ ನೋಡಿ. ಜಾಸ್ತಿ ಇದ್ದಷ್ಟು ನೆಲದ ಚಳಿ ಕಡಿಮೆ. 2018ರಲ್ಲಿ ಎಎಸ್‌ಟಿಎಂ ಎಫ್3340 ಅಂತ ಒಂದು ಅಳತೆ ಕ್ರಮ ಬಂತು, ಆ ಹೆಸರಿದ್ದರೆ ಎರಡು ಕಂಪನಿಗಳ ಅಂಕಿ ಹೋಲಿಸಬಹುದು. ನಮ್ಮ ಡಿಸೆಂಬರಿಗೆ 3 ಸಾಕು. 5, 6 ಅಂತ ಸುಮ್ನೆ ದುಡ್ಡು ಹಾಕಬೇಡಿ, ಅದು ಹಿಮದ ಊರಿಗೆ. ಇನ್ನೊಂದು ಅನುಕೂಲ, ಒಂದರ ಮೇಲೊಂದು ಹಾಸಿದರೆ ಈ ಅಂಕಿ ಕೂಡುತ್ತದೆ. ಕೆಳಗೆ 1.5ರ ಫೋಮ್ ಮ್ಯಾಟ್, ಮೇಲೆ 1.5ರ ಗಾಳಿ ಮ್ಯಾಟ್, ಅಲ್ಲಿಗೆ 3 ಆಯ್ತಲ್ವಾ? ನಿಮಗೆ ನಾನು ಹೇಳುವುದು ಈ ಜೋಡಿಯನ್ನೇ. ಕಾಫಿ ಗಿಡ ಕತ್ತರಿಸಿದ ಕಡ್ಡಿಗಳು ಈಟಿ ಹಾಗೆ ನಿಂತಿರುತ್ತವೆ, ಗಾಳಿ ಮ್ಯಾಟ್ ಪಂಚರ್ ಆಗದಂತೆ ಫೋಮ್ ಕಾಯುತ್ತದೆ. ಆದರೂ ಪಂಚರ್ ಆಯ್ತು ಅನ್ನಿ, ನೆಲದ ಮೇಲಂತೂ ಬೀಳುವುದಿಲ್ಲ.

ಮಗ್ಗುಲಾಗಿ ಮಲಗುವವರಿಗೆ ಗಾಳಿ ಮ್ಯಾಟ್ 7-8 ಸೆಂ.ಮೀ. ದಪ್ಪ ಇರಲಿ. ಸಾಮಾನ್ಯ ಅಗಲ 51 ಸೆಂ.ಮೀ., ಮೊಣಕಾಲು ಮಡಚಿದರೆ ಹೊರಗೇ. 63ರದ್ದು ಸಿಕ್ಕರೆ ಬಿಡಬೇಡಿ. ಚೆಂಡಿನ ಹಾಗೆ ಬಿಗಿಯಾಗಿ ತುಂಬಬಾರದು. ತುಂಬಿಸಿ, ಮಗ್ಗುಲಾಗಿ ಮಲಗಿ, ಸೊಂಟ ನೆಲಕ್ಕೆ ಇನ್ನೇನು ತಾಗಬೇಕು ಅನ್ನುವವರೆಗೆ ಸ್ವಲ್ಪ ಸ್ವಲ್ಪ ಗಾಳಿ ಬಿಡಿ. ನಡುರಾತ್ರಿ ಮೆತ್ತಗಾದರೆ ಪಂಚರ್ ಅಂತ ಗಾಬರಿ ಬೇಡ, ಚಳಿಗೆ ಒಳಗಿನ ಗಾಳಿ ಕುಗ್ಗುತ್ತದೆ ಅಷ್ಟೆ.

ಬಾಯಲ್ಲಿ ಊದಬೇಡಿ, ಪಂಪ್ ಇರಲಿ. ಉಸಿರಿನ ತೇವ ಒಳಗೆ ಉಳಿದರೆ ಬೂಷ್ಟು ಬರುತ್ತದೆ. ನನ್ನದೊಂದು ಮ್ಯಾಟ್ ಒಂದೇ ಮಳೆಗಾಲಕ್ಕೆ ಹಾಳಾಯಿತು.

ಹಾಂ, ತಡಿಯಂಡಮೋಳ್ ಬೆಟ್ಟದ ತುದಿಯಲ್ಲಿ ರಾತ್ರಿ ಉಳಿಯುವ ಆಸೆ ಇದ್ದರೆ ಬಿಡಿ, ಅರಣ್ಯ ಇಲಾಖೆ ಬಿಡುವುದಿಲ್ಲ. ಗೆಳೆಯರ ಕಣವನ್ನೂ ನಂಬಬೇಡಿ. ಆಗ ಕೊಯ್ಲಿನ ಕಾಲ, ಅಲ್ಲಿ ನಿಮಗಿಂತ ಮೊದಲೇ ಕಾಫಿ ಮಲಗಿರುತ್ತದೆ.