ನಾಲ್ಕೈದು ಸೆಕೆಂಡಿಗೇ ಆಫ್ ಆಗುವ ಡೆಸ್ಕ್‌ಟಾಪ್‌ಗೆ ಯಾವ ಎಸ್‌ಎಂಪಿಎಸ್ ಹಾಕಿಸಲಿ?

ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮೇಲೆ ಏನಾದರೂ ಬರೋ ಮುಂಚೆಯೇ ಆಫ್ ಆಗುತ್ತೆ, ಅಂಗಡಿಯವರು ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಷ್ಟು ವೋಲ್ಟಿಗೆ ಇಳಿಸಿ ಕೊಡುವ ಡಬ್ಬ) ಹೋಗಿದೆ ಅಂದರು, 450 ವ್ಯಾಟಿಂದು ತಗೊಳ್ಳಲೋ 550ರದ್ದೋ ಅಂತ ಕೇಳಿದ್ದೀರಿ. ಎರಡೂ ಬೇಡ. ದುಡ್ಡು ಜೇಬಲ್ಲೇ ಇರಲಿ, ನನಗಾದದ್ದು ಹೇಳ್ತೀನಿ.

ತೀರ್ಥಹಳ್ಳಿಯಲ್ಲಿ ನಮ್ಮದೊಂದು ಫೋಟೊ ಸ್ಟುಡಿಯೊ. ಮದುವೆ ಸೀಸನ್‌ನಲ್ಲಿ ಆಲ್ಬಂ, ಉಳಿದಂತೆ ಪಾಸ್‌ಪೋರ್ಟ್ ಫೋಟೊ, ಲಗ್ನಪತ್ರಿಕೆ ಡಿಟಿಪಿ. 2019ರ ಆಯುಧಪೂಜೆ ದಿನ ಎಂದಿನ ಹಾಗೆ ಅಪ್ಪ ಕ್ಯಾಮೆರಾ, ಟ್ರೈಪಾಡ್, ತಮ್ಮ ಹಳೇ ಸ್ಕೂಟರ್, ಕೊನೆಗೆ ಸಿಪಿಯು, ಎಲ್ಲಕ್ಕೂ ಪೂಜೆ ಮಾಡಿದರು. (ಡಬ್ಬಕ್ಕೆ ಸಿಪಿಯು ಅನ್ನಬಾರದು ಅಂತ ನನಗೂ ಗೊತ್ತು. ನಮ್ಮೂರಲ್ಲಿ ಅದು ಸಿಪಿಯುನೇ.) ವಿಜಯದಶಮಿ ಕಳೆದು ಮಾರನೇ ದಿನ ಬೆಳಗ್ಗೆ ಅಂಗಡಿ ತೆಗೆದು ಬಟನ್ ಒತ್ತಿದೆ. ಫ್ಯಾನ್ ಗರ್ ಅಂದಿತು. ಒಂದು, ಎರಡು, ಮೂರು, ನಾಲ್ಕು, ಠಪ್. ಇನ್ನೊಮ್ಮೆ ಒತ್ತಿದೆ. ಮತ್ತೆ ಅಷ್ಟೇ ಹೊತ್ತಿಗೆ ಠಪ್.

ಮಲೆನಾಡಲ್ಲಿ ಕಂಪ್ಯೂಟರ್ ಇಟ್ಟವರಿಗೆ ಮೊದಲ ಅನುಮಾನ ಯಾವಾಗಲೂ ಕರೆಂಟಿನ ಮೇಲೆ. ಮಳೆಗಾಲ ಪೂರ್ತಿ ಕರೆಂಟ್ ಹೋಗಿ ಬಂದು ಎಸ್‌ಎಂಪಿಎಸ್ ಸುಸ್ತಾಗಿದೆ ಅಂತ ನಾನೇ ತೀರ್ಪು ಕೊಟ್ಟುಬಿಟ್ಟೆ. ಆ ಹಳೇ ಎಸ್‌ಎಂಪಿಎಸ್ ಇವತ್ತಿಗೂ ಮನೆ ಕಂಪ್ಯೂಟರ್‌ನಲ್ಲಿ ಓಡ್ತಾ ಇದೆ, ಅದು ಬೇರೆ ಮಾತು. ಆನ್‌ಲೈನಲ್ಲಿ ಹೊಸದು ತರಿಸಿದೆ.

ತಪ್ಪಾಗಿದ್ದು ಇಲ್ಲಿ. ಸ್ವಲ್ಪ ವಿವರವಾಗಿಯೇ ಹೇಳ್ತೀನಿ, ಬೇಜಾರಾಗಬೇಡಿ.

ಹಳೆಯದು, ಹೊಸದು ಎರಡೂ ಸೆಮಿ ಮಾಡ್ಯುಲರ್. ಅಂದರೆ ಮದರ್‌ಬೋರ್ಡಿಗೆ (ಒಳಗಿನ ಭಾಗಗಳನ್ನೆಲ್ಲ ಜೋಡಿಸುವ ಮುಖ್ಯ ಬೋರ್ಡ್) ಹೋಗುವ ದಪ್ಪ ಕೇಬಲ್‌ಗಳು ಎಸ್‌ಎಂಪಿಎಸ್‌ಗೇ ಅಂಟಿಕೊಂಡಿರುತ್ತವೆ, ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ಪವರ್ ಕೇಬಲಿನಂಥವನ್ನು ಮಾತ್ರ ಎರಡೂ ತುದಿಯಲ್ಲಿ ಬಿಚ್ಚಬಹುದು. ಹಳೇ ಸಾಟಾ ಕೇಬಲನ್ನು ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಟ್ಯಾಗ್ ಬಿಗಿದು ಚೆಂದವಾಗಿ ಕಟ್ಟಿದ್ದೆ. ಅದನ್ನೆಲ್ಲ ಕತ್ತರಿಸಿ ಮತ್ತೆ ಕಟ್ಟುವವರು ಯಾರು? ಹೊಸ ಕೇಬಲನ್ನು ಕವರಿನಲ್ಲೇ ಬಿಟ್ಟು, ಹಳೇ ಕೇಬಲಿನ ತುದಿಯನ್ನು ಹೊಸ ಎಸ್‌ಎಂಪಿಎಸ್‌ಗೆ ಚುಚ್ಚಿದೆ. ಆರು ಪಿನ್ನಿನ ಪ್ಲಗ್, ಟಕ್ ಅಂತ ಕೂತಿತು. ಕೂರದೇ ಹೋಗಿದ್ದರೆ ಇವತ್ತು ಈ ಉತ್ತರ ಬರೆಯುತ್ತಿರಲಿಲ್ಲ.

ಡಿಸ್ಕಿನ ಕಡೆಯ ತುದಿ ಪ್ರಪಂಚದಲ್ಲೆಲ್ಲ ಒಂದೇ: 15 ಪಿನ್, ಯಾವುದರಲ್ಲಿ 5 ವೋಲ್ಟ್, ಯಾವುದರಲ್ಲಿ 12 ವೋಲ್ಟ್ ಅನ್ನೋದು ನಿಗದಿಯಾಗಿದೆ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ನಿಯಮವೇ ಇಲ್ಲ. ಆ ಆರು ಪಿನ್ನಲ್ಲಿ 12 ವೋಲ್ಟ್ ಎಲ್ಲಿ, 5 ವೋಲ್ಟ್ ಎಲ್ಲಿ, ಗ್ರೌಂಡ್ ಎಲ್ಲಿ ಅನ್ನೋದು ತಯಾರಿಸಿದವರ ಇಷ್ಟ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಬೇರೆ ಇರಬಹುದು. ನನ್ನ ಹೊಸ ಎಸ್‌ಎಂಪಿಎಸ್ 12 ವೋಲ್ಟ್ ಕೊಡುತ್ತಿದ್ದ ಜಾಗದಲ್ಲಿ ಹಳೇ ಕೇಬಲಿನ 5 ವೋಲ್ಟಿನ ವೈರ್ ಇತ್ತು.

ಸ್ವಿಚ್ ಹಾಕಿದೆ. ಚಟ್ ಅಂತ ಸಣ್ಣ ಸದ್ದು, ಪ್ಲಾಸ್ಟಿಕ್ ಸುಟ್ಟ ವಾಸನೆ. ಆ ಕೇಬಲಿನಲ್ಲಿ ಎರಡು ಡಿಸ್ಕ್ ಇದ್ದವು. ಒಂದು ಕೆಲಸದ್ದು, ಇನ್ನೊಂದು ಬ್ಯಾಕಪ್. ಬ್ಯಾಕಪ್ ಡಿಸ್ಕನ್ನು ಅದೇ ಡಬ್ಬದಲ್ಲಿ, ಅದೇ ಕೇಬಲಿಗೆ ಹಾಕಿಟ್ಟಿದ್ದೆ! ಇದಕ್ಕೆ ಯಾರನ್ನು ಬೈಯಲಿ?

ಡಿಸ್ಕ್‌ಗಳನ್ನು ಕಿತ್ತು ಮತ್ತೆ ಆನ್ ಮಾಡಿದರೆ, ಹೊಸ ಎಸ್‌ಎಂಪಿಎಸ್‌ನಲ್ಲೂ ನಾಲ್ಕಕ್ಕೆ ಠಪ್.

ಸಂಜೆ ಶಿವಮೊಗ್ಗದಿಂದ ಪರಿಚಯದ ಹಾರ್ಡ್‌ವೇರ್ ಹುಡುಗ ಬಂದ. ಮದರ್‌ಬೋರ್ಡಿನ ಮೂಲೆಯಲ್ಲಿ ಪವರ್ ಬಟನ್ನಿನಿಂದ ಬರುವ ಎರಡು ಪಿನ್ನಿನ ವೈರ್ ಕಿತ್ತ, ಆ ಎರಡು ಪಿನ್ನಿಗೂ ತಾಗುವಂತೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ಮುಟ್ಟಿಸಿದ. ಆನ್ ಆಯಿತು. ನಾಲ್ಕಾಯಿತು, ಹತ್ತಾಯಿತು, ವಿಂಡೋಸ್ ಬಂತು (ಅದು ಮದರ್‌ಬೋರ್ಡ್ ಮೇಲೇ ಕೂತಿದ್ದ ಎಂ.2 ಎಸ್‌ಎಸ್‌ಡಿ ಅನ್ನೋ ಕೇಬಲಿಲ್ಲದ ಪುಟ್ಟ ಡಿಸ್ಕಿನಲ್ಲಿದ್ದದ್ದರಿಂದ ಬಚಾವಾಗಿತ್ತು). ಆಮೇಲೆ ಅವನು ಬಟನ್ ಸುತ್ತ ಉಗುರಲ್ಲಿ ಕೆರೆದ. ಹಳದಿ ಪುಡಿ ಉದುರಿತು.

"ಅಣ್ಣಾ, ಪೂಜೆ ಜೋರಾಗೇ ಮಾಡಿದೀರಲ್ಲ?"

ಗಂಧ. ಅಪ್ಪ ಸರಿಯಾಗಿ ಬಟನ್ ಮೇಲೆಯೇ ಗಂಧವಿಟ್ಟು ಕುಂಕುಮ ಹಚ್ಚಿದ್ದರು. ಅದು ಸಂದಿಗೆ ಇಳಿದು ಒಣಗಿ, ಒಳಗೆ ಹೋದ ಬಟನ್ ಹೊರಗೆ ಬರೋಕೆ ಮೀನ ಮೇಷ ಎಣಿಸುತ್ತಿತ್ತು. ಪವರ್ ಬಟನ್ ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಕಂಪ್ಯೂಟರ್ ಬಲವಂತವಾಗಿ ಆಫ್ ಆಗುತ್ತೆ, ಹ್ಯಾಂಗ್ ಆದಾಗ ನಾವೇ ಮಾಡ್ತೀವಲ್ಲ. ಮದರ್‌ಬೋರ್ಡಿಗೆ ಒತ್ತಿದ್ದು ನನ್ನ ಬೆರಳೋ ಗಂಧವೋ ಹೇಗೆ ಗೊತ್ತಾಗಬೇಕು?

ಡಿಸ್ಕ್‌ಗಳನ್ನು ಬೆಂಗಳೂರಿಗೆ ಒಯ್ದೆ. ಬ್ಯಾಕಪ್ ಡಿಸ್ಕಿನಲ್ಲಿ ಹೆಚ್ಚು ವೋಲ್ಟೇಜ್ ಬಂದಾಗ ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಯುವ ಒಂದು ಪುಟ್ಟ ಡಯೋಡ್ ಸತ್ತಿತ್ತು, ಅದನ್ನು ತೆಗೆದ ಮೇಲೆ ಡೇಟಾ ಬಂತು. ಕೆಲಸದ ಡಿಸ್ಕಿನಲ್ಲಿ ಏಟು ಒಳಗಿನವರೆಗೂ ಹೋಗಿತ್ತು. ಅದೇ ಮಾಡೆಲಿನ ಬೇರೆ ಡಿಸ್ಕಿನ ಬೋರ್ಡ್ ಹಾಕಿದರಾಯಿತು ಅಂದುಕೊಂಡಿದ್ದೆ. ಪ್ರತಿ ಡಿಸ್ಕಿಗೂ ಅದರದ್ದೇ ಲೆಕ್ಕಾಚಾರ ಬೋರ್ಡ್ ಮೇಲಿನ ಒಂದು ಚಿಪ್‌ನಲ್ಲಿರುತ್ತದಂತೆ, ಅದನ್ನೂ ಕಿತ್ತು ಹೊಸ ಬೋರ್ಡಿಗೆ ಕೂರಿಸಬೇಕಂತೆ. ಕೂರಿಸಿದರು, ಆದರೂ ಎದ್ದೇಳಲಿಲ್ಲ. ಬ್ಯಾಕಪ್ ಕೊನೆಗೆ ಮಾಡಿದ್ದು ಆಷಾಢದಲ್ಲಿ. ಶ್ರಾವಣದ ಮೂರು ಮದುವೆ ಹೋದವು. ಎರಡರ ಆಲ್ಬಂ ಅಷ್ಟರಲ್ಲಿ ಪ್ರಿಂಟಾಗಿತ್ತು. ಮೂರನೆಯದರ ಹುಡುಗಿಯ ತಂದೆ ನಾನು ವಾಪಸ್ ತಂದ ಅಡ್ವಾನ್ಸನ್ನು ಎಣಿಸಲೂ ಇಲ್ಲ, "ಕಾಫಿ ಕುಡಿದು ಹೋಗಿ" ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಿಮ್ಮ ವಿಷಯಕ್ಕೆ ಬರ್ತೀನಿ. ಗೋಡೆಯ ಸ್ವಿಚ್ ಆಫ್ ಮಾಡಿ ಹಾರ್ಡ್ ಡಿಸ್ಕಿನ ಪವರ್ ಕೇಬಲ್ ಕಿತ್ತಿಡಿ. ಆನ್ ಆಗಿ ಸ್ಕ್ರೀನ್ ಬರೋಕೆ ಡಿಸ್ಕ್ ಬೇಕಾಗಿಲ್ಲ. ಆಮೇಲೆ ಪವರ್ ಬಟನ್ನಿನ ವೈರ್ ಕಿತ್ತು, ಆ ಜಾಗಕ್ಕೆ ರೀಸೆಟ್ ಬಟನ್ನಿನ ವೈರ್ ಚುಚ್ಚಿ (ತಿರುಗುಮುರುಗಾದರೂ ತೊಂದರೆಯಿಲ್ಲ), ಸ್ವಿಚ್ ಹಾಕಿ ರೀಸೆಟ್ ಒತ್ತಿ. ಸ್ಕ್ರೂಡ್ರೈವರ್ ಹಿಡಿಯೋಕೆ ಹೆದರಿಕೆ ಆಗುವವರಿಗೆ ಇದೇ ಸುಲಭ. ನಿಂತು ಓಡಿದರೆ ಹಾಗೇ ಬಿಟ್ಟುಬಿಡಿ. ನಮ್ಮ ಸ್ಟುಡಿಯೊದಲ್ಲಿ ಇವತ್ತಿಗೂ ರೀಸೆಟ್ಟೇ ಪವರ್ ಬಟನ್, ದಸರಾಗೆ ಅದರ ಮೇಲೊಂದು ಸೆಲೋಟೇಪು.

ಆಗಲೂ ಆಫ್ ಆದರೆ ಎಷ್ಟು ಹೊತ್ತಿಗೆ ಅಂತ ನೋಡಿ. ಫ್ಯಾನ್ ಅರ್ಧ ಸುತ್ತು ತಿರುಗಿ ತಟ್ಟನೆ ನಿಂತರೆ ಎಲ್ಲೋ ಶಾರ್ಟ್ ಆಗಿದೆ, ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳುತ್ತಿದೆ ಅಂತಲೇ ನನ್ನ ಮೊದಲ ಅನುಮಾನ. ಒಂದೊಂದೇ ಕಾರ್ಡು, ಯುಎಸ್‌ಬಿ ಕಿತ್ತು ನೋಡಿ. ನಿಂತು ಓಡುತ್ತೆ, ಆದರೆ ಬೀಪ್ ಬೀಪ್ ಅನ್ನುತ್ತೆ ಅಂದರೆ ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಮತ್ತೆ ಹಾಕಿ. ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಚಬೇಡಿ, ಕರೆಂಟ್ ತೆಗೆದ ಮೇಲೂ ಅದರೊಳಗೆ ಹೊಡೆಯುವಷ್ಟು ಉಳಿದಿರುತ್ತೆ. ಇಷ್ಟೆಲ್ಲ ಆದಮೇಲೂ ಹೊಸ ಎಸ್‌ಎಂಪಿಎಸ್ಸೇ ಬೇಕಾಯಿತು ಅಂದರೆ ಹಳೇದರ ಒಂದು ವೈರೂ ಒಳಗೆ ಉಳಿಯಬಾರದು.

ಅಂಗಡಿಗೇ ಒಯ್ಯುವುದಾದರೆ ಡಿಸ್ಕ್ ಬಿಚ್ಚಿ ಮನೆ ಬೀರುವಿನಲ್ಲಿಟ್ಟು ಒಯ್ಯಿರಿ. ಎಲ್ಲಿ ಅಂತ ಕೇಳಿದರೆ, ಮೊದಲು ಆನ್ ಮಾಡಿ ತೋರಿಸಿ, ಆಮೇಲೆ ತರ್ತೀನಿ ಅನ್ನಿ.