ರಾಜಕಾರಣಿಗಳಿಗೆ ಎಂಥ ಸೇವಾ ಸಂಸ್ಥೆ ಇಷ್ಟ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸೇವಾ ಸಂಸ್ಥೆ ನಡೆಸುವವರದ್ದು. ಎಲ್ಲರ ಗೋಳೂ ಹತ್ತಿರಹತ್ತಿರ ಒಂದೇ: ರಾಜಕಾರಣಿಗಳಿಗೆ ನಮ್ಮಿಂದ ಏನು ಬೇಕು ಅಂತಲೇ ಗೊತ್ತಾಗುತ್ತಿಲ್ಲ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಇಂಥ ಸಂಸ್ಥೆಗಳ ಒಳಗೇ ಇದ್ದವನು ನಾನು. ಕಂಡಷ್ಟು, ತಿಳಿದಷ್ಟು ಹೇಳುತ್ತೇನೆ.

ಪ್ರಶ್ನೆ: ನಮ್ಮದು ಮಕ್ಕಳ ಓದಿಗಾಗಿ ಕೆಲಸ ಮಾಡುವ ಸಣ್ಣ ಟ್ರಸ್ಟ್. ಆರು ತಿಂಗಳಲ್ಲಿ ನಾಲ್ವರು ಜನಪ್ರತಿನಿಧಿಗಳನ್ನು ಭೇಟಿ ಮಾಡಿದೆವು. ಒಬ್ಬರು ‘ಪುಸ್ತಕ, ಬ್ಯಾಗು ಹಂಚಿ, ಅಷ್ಟು ಸಾಕು’ ಅಂದರು. ಇನ್ನೊಬ್ಬರು ‘ಸರ್ಕಾರದ ಕಡೆ ನೋಡಬೇಡಿ, ನಿಮ್ಮ ಕಾಲ ಮೇಲೆ ನಿಲ್ಲಿ’ ಅಂದರು. ಮೂರನೆಯವರು ‘ಶಾಲೆಗಳ ಸ್ಥಿತಿ ಬಗ್ಗೆ ದನಿ ಎತ್ತಿ’ ಅಂದರು. ನಾಲ್ಕನೆಯವರು ಬರೀ ಲೆಕ್ಕಪತ್ರ ಕೇಳಿದರು. ಯಾರ ಮಾತು ಕೇಳೋದು? — ಟ್ರಸ್ಟ್ ಒಂದರ ಕಾರ್ಯದರ್ಶಿ

ಉತ್ತರ: ಯಾರ ಮಾತನ್ನೂ ಪೂರ್ತಿ ತಲೆಗೆ ಹಚ್ಚಿಕೊಳ್ಳಬೇಡಿ. ಹಾಗಂತ ಅವರು ಬಾಯಿಗೆ ಬಂದದ್ದು ಹೇಳಿದ್ದಾರೆ ಅಂತಲೂ ಅಲ್ಲ. ಏನು ಹೇಳಿದರು ಅನ್ನೋದರ ಜೊತೆಗೆ ಯಾವ ಕುರ್ಚಿಯಲ್ಲಿ ಕೂತು ಹೇಳಿದರು ಅಂತ ನೋಡಿ. ದನಿ ಎತ್ತಿ ಅಂದವರು ವಿರೋಧ ಪಕ್ಷದವರೇ ಇರಬೇಕು. ಅಲ್ಲದಿದ್ದರೆ ಬರೆದು ತಿಳಿಸಿ, ತಪ್ಪೊಪ್ಪಿಕೊಳ್ಳುತ್ತೇನೆ.

ಈ ಪಾಠ ನಾನು ಕಲಿತದ್ದು ಒಂದು ಟೀ ಕಪ್ಪಿನಿಂದ. ಶಾಲೆ ಬಿಟ್ಟ ಮಕ್ಕಳ ಬಗ್ಗೆ ನಮ್ಮ ಸಂಸ್ಥೆ ಒಂದು ವರದಿ ಮಾಡಿತ್ತು. ವಿರೋಧ ಪಕ್ಷದ ಶಾಸಕರೊಬ್ಬರು ಅದನ್ನು ಕೇಳಿ ಪಡೆದರು. ಪುಟಪುಟಕ್ಕೂ ಹಳದಿ ಚೀಟಿ ಅಂಟಿಸಿಕೊಂಡು ಸದನಕ್ಕೆ ಹೋದರು, ಚೆನ್ನಾಗಿಯೇ ಮಾತಾಡಿದರು. ಮುಂದೆ ಅವರ ಪಕ್ಷ ಅಧಿಕಾರಕ್ಕೆ ಬಂತು, ಅವರು ಮಂತ್ರಿಯಾದರು. ನಾವು ಖುಷಿಯಲ್ಲಿ ಎರಡನೇ ವರದಿ ಹಿಡಿದುಕೊಂಡು ಹೋದೆವು. ಅದೇ ಪ್ರಶ್ನೆಗಳು, ಅದೇ ವಿಧಾನ, ಸಂಖ್ಯೆ ಮಾತ್ರ ಸ್ವಲ್ಪ ಮೇಲೆ ಕೆಳಗೆ. ಅವರು ವರದಿಯನ್ನು ಮಗುಚಿಟ್ಟು ಅದರ ಬೆನ್ನ ಮೇಲೆ ಟೀ ಕಪ್ಪು ಇಟ್ಟರು. ‘ಪತ್ರಿಕೆಯವರಿಗೆ ಕೊಡೋ ಮುಂಚೆ ನಮಗೊಂದು ಮಾತು ಹೇಳಬಾರದಿತ್ತಾ?’ ಅಂದರು. ಕಪ್ಪು ಎತ್ತಿದಾಗ ಹಿಂಬದಿಯ ಹಾಳೆ ಮೇಲೆ ದುಂಡಗೆ ಕಲೆ ಬಿದ್ದಿತ್ತು.

ಅವರೇನೂ ಕೆಟ್ಟ ಮನುಷ್ಯರಲ್ಲ. ಮೊದಲ ವರದಿಯಲ್ಲಿ ಇದ್ದದ್ದು ಬೇರೆಯವರ ತಪ್ಪು, ಎರಡನೆಯದರಲ್ಲಿ ಇದ್ದದ್ದು ಅವರದೇ. ಅಷ್ಟೇ ವ್ಯತ್ಯಾಸ.

ಕುರ್ಚಿಯ ಜೊತೆಗೆ ನಂಬಿಕೆಯದ್ದೂ ಒಂದು ಪಾಲಿದೆ. ಸರ್ಕಾರ ಚಿಕ್ಕದಾಗಿರಬೇಕು ಅನ್ನುವವರಿಗೆ ಸೇವಾ ಸಂಸ್ಥೆ ಅಂದರೆ ಸರ್ಕಾರ ಕೈಬಿಟ್ಟ ಕೆಲಸ ಎತ್ತಿಕೊಳ್ಳುವವರು. ಬ್ರಿಟನ್ನಿನಲ್ಲಿ ಪ್ರಧಾನಿ ಡೇವಿಡ್ ಕ್ಯಾಮರನ್ 2010ರಲ್ಲಿ ‘ಬಿಗ್ ಸೊಸೈಟಿ’ ಅಂತ ದೊಡ್ಡದಾಗಿ ಹೇಳಿದ್ದು ಇದನ್ನೇ: ಊರಿನ ಕೆಲಸ ಊರಿನವರೇ, ಸಂಘ ಸಂಸ್ಥೆಗಳೇ ನೋಡಿಕೊಳ್ಳಲಿ. ಕೇಳೋಕೆ ಚೆಂದ. ಆದರೆ ಅದೇ ಸಮಯದಲ್ಲಿ ಸರ್ಕಾರದ ಖರ್ಚಿಗೆ ಕತ್ತರಿ ಬಿತ್ತು, ಸ್ಥಳೀಯ ಆಡಳಿತಗಳಿಂದ ಸಂಸ್ಥೆಗಳಿಗೆ ಬರುತ್ತಿದ್ದ ಹಣವೂ ಕರಗಿತು. ಕೆಲಸ ಜಾಸ್ತಿ, ಕಾಸು ಕಮ್ಮಿ. ಇನ್ನೊಂದು ಕಡೆಯವರು ಶಿಕ್ಷಣ, ಆರೋಗ್ಯ ಸರ್ಕಾರದ ಹೊಣೆ, ಅದನ್ನು ದಾನಿಗಳ ದಯೆಗೆ ಬಿಡಬಾರದು ಅನ್ನುತ್ತಾರೆ. ಅವರ ಪ್ರಕಾರ ಸಂಸ್ಥೆಗಳು ಹೊಸ ದಾರಿ ಹುಡುಕಬೇಕು, ಸರ್ಕಾರವನ್ನು ಎಚ್ಚರಿಸಬೇಕು. ಇದೂ ಕೇಳೋಕೆ ಚೆಂದವೇ, ಅವರು ಅಧಿಕಾರದಲ್ಲಿ ಇಲ್ಲದಿರುವಾಗ.

ನಿಮ್ಮ ನಾಲ್ವರಲ್ಲಿ ನಾನಾಗಿದ್ದರೆ ಮತ್ತೆ ಹೋಗುತ್ತಿದ್ದದ್ದು ಲೆಕ್ಕ ಕೇಳಿದವರ ಬಳಿಗೆ. ಉಳಿದವರು ತಮಗೆ ಬೇಕಾದ್ದು ಹೇಳಿದರು. ಅವರೊಬ್ಬರೇ ನಿಮ್ಮ ಬಗ್ಗೆ ತಿಳಿದುಕೊಳ್ಳೋಕೆ ಹೊರಟರು. ಮತ್ತೆ ಒಂದು ಮಾತು: ಯಾರನ್ನೋ ಮೆಚ್ಚಿಸೋಕೆ ಟ್ರಸ್ಟ್ ಡೀಡ್‌ನಲ್ಲಿ ಬರೆದಿರುವ ಉದ್ದೇಶಗಳಿಗೆ ಕೈ ಹಚ್ಚಬೇಡಿ. ಕುರ್ಚಿಯಲ್ಲಿ ಕೂತವರು ಬದಲಾಗುತ್ತಲೇ ಇರುತ್ತಾರೆ.

ಪ್ರಶ್ನೆ: ‘ಸೇವೆ ಮಾಡಿ, ರಾಜಕೀಯ ಬೇಡ’ ಅಂತ ಎಲ್ಲರೂ ಹೇಳುತ್ತಾರೆ. ನಾವು ಕುಡಿಯುವ ನೀರಿನ ಬಗ್ಗೆ ಕೆಲಸ ಮಾಡುವವರು. ನೀರಿನ ನೀತಿ ಬಗ್ಗೆ ಮಾತಾಡದೆ ಇದು ಹೇಗೆ ಸಾಧ್ಯ? ಕಾನೂನು ಏನು ಹೇಳುತ್ತದೆ? — ಸ್ವಯಂಸೇವಕಿ

ಉತ್ತರ: ಸಾಧ್ಯವಿಲ್ಲಮ್ಮ. ಹಾಗೆ ಹೇಳುವವರಿಗೂ ಅದು ಗೊತ್ತು.

‘ರಾಜಕೀಯ’ ಅನ್ನುವ ಒಂದೇ ಪದದೊಳಗೆ ಎರಡು ಬೇರೆ ವಿಷಯ ತುಂಬಿಬಿಟ್ಟಿದ್ದಾರೆ. ಒಂದು, ಪಕ್ಷ ರಾಜಕೀಯ: ಇವರಿಗೆ ವೋಟು ಹಾಕಿ, ಅವರಿಗೆ ಹಾಕಬೇಡಿ ಅನ್ನೋದು. ಇನ್ನೊಂದು, ನೀತಿಯ ಮಾತು: ಈ ಕಾನೂನು ಸರಿಯಿಲ್ಲ, ಇದನ್ನು ಹೀಗೆ ಬದಲಿಸಿ ಅನ್ನೋದು. ಮೊದಲನೆಯದನ್ನು ಅನೇಕ ದೇಶಗಳಲ್ಲಿ ಕಾನೂನು ಒಪ್ಪುವುದಿಲ್ಲ. ಒಪ್ಪಬಾರದು ಕೂಡ, ಅದು ನನ್ನ ಅಭಿಪ್ರಾಯ. ಜಗಳ ಇರೋದು ಎರಡನೆಯದರಲ್ಲಿ.

ಅಮೆರಿಕದಲ್ಲಿ ಆಗ ಸೆನೆಟರ್ ಆಗಿದ್ದ ಲಿಂಡನ್ ಜಾನ್ಸನ್ 1954ರಲ್ಲಿ ತಂದ ತಿದ್ದುಪಡಿ ಒಂದಿದೆ. ತೆರಿಗೆ ವಿನಾಯಿತಿ ಪಡೆದ ದತ್ತಿ ಸಂಸ್ಥೆ ಯಾವ ಅಭ್ಯರ್ಥಿಯ ಪರವಾಗಿಯೂ, ವಿರುದ್ಧವಾಗಿಯೂ ಪ್ರಚಾರ ಮಾಡುವಂತಿಲ್ಲ. ಆದರೆ ಕಾನೂನು ಬದಲಿಸಿ ಅಂತ ಒತ್ತಾಯಿಸೋದಕ್ಕೆ ಒಂದು ಮಿತಿಯೊಳಗೆ ಅವಕಾಶ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲೂ ಸಂಸ್ಥೆ ತನ್ನ ಉದ್ದೇಶಕ್ಕೆ ಸಂಬಂಧಪಟ್ಟ ನೀತಿ ಬಗ್ಗೆ ಅಭಿಯಾನ ಮಾಡಬಹುದು, ಪಕ್ಷದ ಬಾಲ ಹಿಡಿಯುವಂತಿಲ್ಲ.

ಕಾನೂನು ಹೀಗಿದ್ದರೂ ಮಂತ್ರಿಗಳ ಬಾಯಿ ಬೇರೆ ಹೇಳುತ್ತೆ. 2014ರಲ್ಲಿ ಬ್ರಿಟನ್ನಿನಲ್ಲಿ ಸೇವಾ ಸಂಸ್ಥೆಗಳ ಖಾತೆ ನೋಡಿಕೊಳ್ಳುತ್ತಿದ್ದ ಮಂತ್ರಿ ಬ್ರೂಕ್ಸ್ ನ್ಯೂಮಾರ್ಕ್, ಸಂಸ್ಥೆಗಳು ರಾಜಕೀಯದ ಕಡೆ ತಲೆ ಹಾಕದೆ ತಮ್ಮ ಹೆಣಿಗೆ ತಾವು ಹೆಣೆದುಕೊಂಡಿರಲಿ ಅನ್ನುವ ಅರ್ಥದಲ್ಲಿ ಮಾತಾಡಿದರು. ಸಂಸ್ಥೆಗಳವರು ಅದನ್ನು ಇನ್ನೂ ಮರೆತಿಲ್ಲ.

ಕೆನಡಾದ ಕಥೆ ಇನ್ನೂ ಸ್ವಾರಸ್ಯ. ಅಲ್ಲಿ ಸಂಸ್ಥೆಗಳು ತಮ್ಮ ಸಂಪನ್ಮೂಲದಲ್ಲಿ ಸುಮಾರು ಶೇ. 10ರಷ್ಟನ್ನು ಮಾತ್ರ ಇಂಥ ‘ರಾಜಕೀಯ ಚಟುವಟಿಕೆ’ಗೆ ಬಳಸಬಹುದಿತ್ತು. 2012ರಲ್ಲಿ ಸ್ಟೀಫನ್ ಹಾರ್ಪರ್ ಸರ್ಕಾರ ಇದನ್ನು ಪರೀಕ್ಷಿಸೋಕೆ ತೆರಿಗೆ ಇಲಾಖೆಗೆ ಬೇರೆಯಾಗಿ ಹಣ ಕೊಟ್ಟು ಆಡಿಟ್ ಶುರುಮಾಡಿಸಿತು. ಪರಿಸರದ ಸಂಸ್ಥೆಗಳು, ಬಡತನದ ಬಗ್ಗೆ ಕೆಲಸ ಮಾಡುವ ಸಂಸ್ಥೆಗಳು ಒಂದಾದ ಮೇಲೊಂದು ದಾಖಲೆ ಹೊತ್ತುಕೊಂಡು ಹೋಗಬೇಕಾಯಿತು. ಅಂಥ ಒಂದು ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. 2018ರಲ್ಲಿ ಒಂಟಾರಿಯೊದ ನ್ಯಾಯಾಲಯ, ಈ ಮಿತಿ ಮಾತಿನ ಸ್ವಾತಂತ್ರ್ಯಕ್ಕೆ ಅಡ್ಡಿ ಅಂದಿತು. ಆ ವರ್ಷದ ಕೊನೆಗೆ ಸಂಸತ್ತು ಕಾನೂನನ್ನೇ ಬದಲಿಸಿತು. ಪಕ್ಷ ರಾಜಕೀಯ ಮಾಡುವಂತಿಲ್ಲ ಅನ್ನುವ ನಿಯಮ ಉಳಿಯಿತು, ಶೇಕಡಾ ಲೆಕ್ಕ ಹೋಯಿತು.

ಭಾರತದಲ್ಲಿ ವಿದೇಶಿ ದೇಣಿಗೆಯ ಕಾನೂನು ಮೊದಲು ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿ ನಡುವೆ. ಈಗಿರೋದು 2010ರದ್ದು. ಅದರ ನಿಯಮಗಳಲ್ಲಿ, ಜನರ ವಿಷಯಕ್ಕಾಗಿ ಬಂದ್, ಹರತಾಳ, ರಸ್ತೆ ತಡೆ ಮಾಡುವ ಸಂಸ್ಥೆಯನ್ನೂ ‘ರಾಜಕೀಯ ಸ್ವರೂಪದ್ದು’ ಅಂತ ಕರೆದು ವಿದೇಶಿ ಹಣ ತಪ್ಪಿಸೋಕೆ ಅವಕಾಶ ಇತ್ತು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದರ ವ್ಯಾಪ್ತಿ ಕುಗ್ಗಿಸಿತು. ಸಕ್ರಿಯ ರಾಜಕೀಯದ ಜೊತೆ, ಪಕ್ಷಗಳ ಜೊತೆ ನಂಟಿಲ್ಲದ ಸಂಸ್ಥೆಗೆ ಬರೀ ಈ ಕಾರಣಕ್ಕೆ ಆ ಹಣೆಪಟ್ಟಿ ಹಚ್ಚುವಂತಿಲ್ಲ.

ನಿಮ್ಮ ವಿಷಯಕ್ಕೆ ಬರೋಣ. ನೀರಿನ ನೀತಿ ಬಗ್ಗೆ ಮಾತಾಡಿ. ಆದರೆ ಟ್ಯಾಂಕರ್ ಎಷ್ಟು ದಿನಕ್ಕೊಮ್ಮೆ ಬರುತ್ತೆ, ಕೊಡ ಹಿಡಿದವರು ಎಷ್ಟು ಹೊತ್ತು ಕಾಯುತ್ತಾರೆ ಅಂತ ನೀವೇ ಕಂಡು ಬರೆದಿಟ್ಟದ್ದರಿಂದ ಶುರುಮಾಡಿ. ಪುಸ್ತಕದಲ್ಲಿ ಸಹಿ ಸಮೇತ ಇರುವ ದಿನಾಂಕವನ್ನು ಪಕ್ಷ ರಾಜಕೀಯ ಅನ್ನೋದು ಯಾರಿಗೂ ಸುಲಭವಲ್ಲ.

ಪ್ರಶ್ನೆ: ಸರ್ಕಾರದ ಅನುದಾನ ತಗೊಂಡು ಸರ್ಕಾರವನ್ನೇ ಟೀಕಿಸೋದು ಉಂಡ ಮನೆಗೆ ಎರಡು ಬಗೆದಂತೆ ಅಲ್ವಾ?

ಉತ್ತರ: ಈ ಮಾತು ಎಲ್ಲ ಪಕ್ಷದವರ ಬಾಯಲ್ಲೂ ಕೇಳಿದ್ದೇನೆ. ಆದರೆ ಉಂಡ ಮನೆ ಯಾರದ್ದು ಹೇಳಿ? ಅನುದಾನ ತೆರಿಗೆ ಕಟ್ಟಿದವರ ದುಡ್ಡು, ಮಂತ್ರಿಗಳ ಜೇಬಿನದ್ದಲ್ಲ.

ಹಾಗಂತ ರಾಜಕಾರಣಿಗಳ ಅನುಮಾನ ಪೂರ್ತಿ ತಳ್ಳಿಹಾಕುವಂಥದ್ದೂ ಅಲ್ಲ. ಊಟಕ್ಕೆ ಅಂತ ಕೊಟ್ಟ ಹಣ ಪೋಸ್ಟರಿಗೆ ಹೋದರೆ ಅದು ತಪ್ಪೇ. 2016ರ ಫೆಬ್ರವರಿಯಲ್ಲಿ ಬ್ರಿಟನ್ ಸರ್ಕಾರ, ಅನುದಾನದ ಹಣವನ್ನು ಸಂಸತ್ತಿನ ಅಥವಾ ಸರ್ಕಾರದ ಮೇಲೆ ಪ್ರಭಾವ ಬೀರೋಕೆ ಬಳಸುವಂತಿಲ್ಲ ಅನ್ನುವ ಷರತ್ತು ಹಾಕುತ್ತೇವೆ ಅಂತ ಪ್ರಕಟಿಸಿತು. ಸಂಸ್ಥೆಗಳು ಮಾತ್ರ ಅಲ್ಲ, ವಿಜ್ಞಾನಿಗಳೂ ಗಾಬರಿಯಾದರು. ಸರ್ಕಾರದ ಹಣದಲ್ಲಿ ಮಾಡಿದ ಸಂಶೋಧನೆಯನ್ನು ಸರ್ಕಾರಕ್ಕೇ ಹೇಳುವಂತಿಲ್ಲ ಅಂದರೆ ಹೇಗೆ? ಏಪ್ರಿಲ್‌ನಲ್ಲಿ ಅದನ್ನು ತಡೆಹಿಡಿದು, ವರ್ಷದ ಕೊನೆಗೆ ಬೇರೆ ಮಾನದಂಡ ತಂದರು. ನನ್ನ ಸಲಹೆ ಸಿಂಪಲ್: ಅನುದಾನಕ್ಕೆ ಬೇರೆ ಬ್ಯಾಂಕ್ ಖಾತೆ, ಬೇರೆ ಲೆಡ್ಜರ್. ಅಭಿಯಾನದ ಖರ್ಚು ದಾನಿಗಳು ಅದಕ್ಕೆ ಅಂತಲೇ ಕೊಟ್ಟ ಹಣದಿಂದ.

ಪ್ರಶ್ನೆ: ಯಾರನ್ನು ಭೇಟಿ ಮಾಡಿದರೂ ಮೊದಲ ಪ್ರಶ್ನೆ ‘ಆಡಳಿತ ವೆಚ್ಚ ಎಷ್ಟು?’ ಇದಕ್ಕೆ ಸರಿಯಾದ ಉತ್ತರ ಯಾವುದು? — ಸಂಸ್ಥೆಯೊಂದರ ಲೆಕ್ಕಿಗ

ಉತ್ತರ: ಶಾಸಕರೊಬ್ಬರು ನಮ್ಮ ವಾರ್ಷಿಕ ವರದಿಯನ್ನು ಹಿಂದಿನಿಂದ ಮುಂದಕ್ಕೆ ತಿರುವಿದ್ದು ನೆನಪಿದೆ. ಮಕ್ಕಳ ಫೋಟೊ, ಸಾಧನೆಯ ಪಟ್ಟಿ, ಯಾವುದನ್ನೂ ನೋಡಲಿಲ್ಲ. ಸಂಬಳದ ಸಾಲಿನ ಮೇಲೆ ಬೆರಳಿಟ್ಟು ‘ಇದೇನ್ರೀ, ಇಷ್ಟೊಂದು?’ ಅಂದರು. ಅದರಲ್ಲಿ ಅರ್ಧಕ್ಕೂ ಜಾಸ್ತಿ ತರಗತಿ ತಗೊಳ್ಳುವ ಶಿಕ್ಷಕಿಯರ ಸಂಬಳ. ನಾವೇ ಅದನ್ನು ಬಿಡಿಸಿ ಬರೆದಿರಲಿಲ್ಲ. ತಪ್ಪು ನಮ್ಮದೇ.

ರಾಜಕಾರಣಿಗಳಿಗೆ ಈ ಸಂಖ್ಯೆ ಯಾಕೆ ಇಷ್ಟ ಅಂದರೆ, ಅರ್ಥ ಮಾಡಿಕೊಳ್ಳೋಕೆ ಸುಲಭ, ಭಾಷಣದಲ್ಲಿ ಹೇಳೋಕೂ ಸುಲಭ. ಭಾರತದಲ್ಲಿ 2020ರ ತಿದ್ದುಪಡಿ ವಿದೇಶಿ ದೇಣಿಗೆಯಲ್ಲಿ ಆಡಳಿತಕ್ಕೆ ಬಳಸಬಹುದಾದ ಪಾಲನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸೋದನ್ನೂ ನಿಲ್ಲಿಸಿತು. ದೊಡ್ಡ ಸಂಸ್ಥೆಗಳ ಮೂಲಕ ಹಣ ಪಡೆಯುತ್ತಿದ್ದ ಸಣ್ಣವರಿಗೆ ಬಿದ್ದ ಪೆಟ್ಟು ಇದು. ಆದರೆ ಆಸ್ಪತ್ರೆಯ ವೈದ್ಯರ, ಶಾಲೆಯ ಶಿಕ್ಷಕರ ಸಂಬಳ ಆಡಳಿತ ವೆಚ್ಚದಲ್ಲಿ ಸೇರಲ್ಲ ಅಂತ ನಿಯಮದಲ್ಲೇ ಇದೆ. ಬಹಳಷ್ಟು ಸಂಸ್ಥೆಗಳು ಇದನ್ನು ಗಮನಿಸದೆ ತಮ್ಮ ಕತ್ತು ತಾವೇ ಹಿಸುಕಿಕೊಳ್ಳುತ್ತವೆ.

ತಮಾಷೆ ಏನು ಗೊತ್ತಾ? ಲೆಕ್ಕ ಸರಿಯಾಗಿಡಿ ಅನ್ನುವವರೇ ಲೆಕ್ಕಿಗರಿಗೆ ಕೊಡುವ ಸಂಬಳವನ್ನು ದಂಡದ ಖರ್ಚು ಅನ್ನುತ್ತಾರೆ. ಬ್ರಿಟನ್ನಿನ ‘ಕಿಡ್ಸ್ ಕಂಪನಿ’ ಎಂಬ ಮಕ್ಕಳ ಸಂಸ್ಥೆಯ ಪ್ರಕರಣ ಓದಿ. ವರ್ಷಗಟ್ಟಲೆ ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಅದಕ್ಕೆ ಒಟ್ಟು 4 ಕೋಟಿ ಪೌಂಡ್‌ಗೂ ಹೆಚ್ಚು ಕೊಟ್ಟವು. 2015ರಲ್ಲಿ ಅಧಿಕಾರಿಗಳು ಬೇಡ ಅಂದರೂ ಮಂತ್ರಿಗಳು ಆದೇಶ ಮಾಡಿ ಇನ್ನೂ 30 ಲಕ್ಷ ಪೌಂಡ್ ಕೊಡಿಸಿದರು. ಹಣ ಕೈಸೇರಿ ಕೆಲವೇ ದಿನಕ್ಕೆ ಸಂಸ್ಥೆ ಮುಚ್ಚಿತು. ಆಮೇಲೆ ಸಂಸದರ ಸಮಿತಿ ಟ್ರಸ್ಟಿಗಳನ್ನು ತರಾಟೆಗೆ ತೆಗೆದುಕೊಂಡಿತು. 2021ರಲ್ಲಿ ಹೈಕೋರ್ಟ್ ಮಾತ್ರ ಟ್ರಸ್ಟಿಗಳನ್ನು ಕಂಪನಿ ನಿರ್ದೇಶಕರಾಗದಂತೆ ಅನರ್ಹಗೊಳಿಸೋಕೆ ಒಪ್ಪಲಿಲ್ಲ. ನನಗೆ ಅಲ್ಲಿ ಕಾಣೋದು ಇಷ್ಟು: ಮುಂದಾಳುಗಳ ಮಾತಿಗೆ ಮನಸೋತು ಚೆಕ್ಕಿಗೆ ಸಹಿ ಹಾಕಿದವರೇ ಆಮೇಲೆ ಲೆಕ್ಕ ಎಲ್ಲಿ ಅಂತ ಕೂಗಿದರು.

ನಿಮ್ಮ ಉತ್ತರ ಶೇಕಡಾದಲ್ಲಿ ಶುರುವಾಗದಿರಲಿ. ‘ಒಂದು ಮಗುವಿಗೆ ವರ್ಷಕ್ಕೆ ಇಷ್ಟು ಖರ್ಚು, ಅದರಲ್ಲಿ ಶಿಕ್ಷಕಿಗೆ ಇಷ್ಟು, ಪುಸ್ತಕಕ್ಕೆ ಇಷ್ಟು, ಆಡಿಟ್‌ಗೆ ಇಷ್ಟು’ ಅಂತ ಬಿಡಿಸಿ ಹೇಳಿ. ಆಮೇಲೆ ಶೇಕಡಾ ಕೇಳಿದರೆ ಮುಚ್ಚಿಡದೆ ಹೇಳಿ.

ಪ್ರಶ್ನೆ: ಚುನಾವಣೆ ಹತ್ತಿರ ಬಂದಿದೆ. ನಮ್ಮ ವಾರ್ಷಿಕೋತ್ಸವಕ್ಕೆ ಅಭ್ಯರ್ಥಿಯೊಬ್ಬರು ತಾವೇ ಬರುತ್ತೇನೆ ಅಂದಿದ್ದಾರೆ. ಕರೆಯಬಹುದಾ?

ಉತ್ತರ: ಬೇಡ. ಕಾರ್ಯಕ್ರಮವನ್ನೇ ಮುಂದೂಡಿ. ಅದು ಆಗದಿದ್ದರೆ ಎಲ್ಲ ಅಭ್ಯರ್ಥಿಗಳಿಗೂ ಒಂದೇ ದಿನ, ಒಂದೇ ಒಕ್ಕಣೆಯ ಪತ್ರ ಕಳಿಸಿ, ನಕಲು ಇಟ್ಟುಕೊಳ್ಳಿ. ಮಕ್ಕಳ ಕೈಲಿ ಹಾರ ಹಾಕಿಸಬೇಡಿ. ಆ ಫೋಟೊ ಎಲ್ಲೆಲ್ಲಿ ಅಚ್ಚಾಗುತ್ತೆ ಅನ್ನೋದು ಆಮೇಲೆ ನಿಮ್ಮ ಕೈಲಿರಲ್ಲ.

ಪ್ರಶ್ನೆ: ಸಂಸದರು ಹತ್ತು ನಿಮಿಷ ಸಮಯ ಕೊಟ್ಟಿದ್ದಾರೆ. ಏನು ಹೇಳಲಿ?

ಉತ್ತರ: ಹತ್ತು ಅಂದರೆ ಆರು ಅಂದುಕೊಳ್ಳಿ, ಮಧ್ಯೆ ಫೋನ್ ಬರುತ್ತೆ. ಸಂಸ್ಥೆಯ ಇತಿಹಾಸ ಬೇಡ, ಸ್ಥಾಪಕರ ಫೋಟೊ ಬೇಡ, ಪವರ್‌ಪಾಯಿಂಟ್ ಅಂತೂ ಬೇಡವೇ ಬೇಡ. ಒಂದು ಹಾಳೆ ಸಾಕು. ಮೇಲೆ ಸಮಸ್ಯೆ ಮೂರು ಸಾಲಿನಲ್ಲಿ, ನಡುವೆ ಅವರ ಕ್ಷೇತ್ರದ ಲೆಕ್ಕ, ಕೆಳಗೆ ಒಂದೇ ಒಂದು ಕೋರಿಕೆ. ಅದು ಅವರ ಕೈಲಿ ಆಗುವಂಥದ್ದಾಗಿರಲಿ: ಸದನದಲ್ಲಿ ಒಂದು ಪ್ರಶ್ನೆ, ಇಲಾಖೆಗೆ ಒಂದು ಪತ್ರ. ‘ನಮ್ಮ ಕ್ಷೇತ್ರಕ್ಕೆ ಆದ್ಯತೆ ಕೊಡಿ’ ಅಂದರೆ ಅವರು ‘ಖಂಡಿತ’ ಅನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತೆ. ‘ಈ ಪ್ರಶ್ನೆ ಈ ಅಧಿವೇಶನದಲ್ಲಿ ಕೇಳಬಹುದಾ?’ ಅಂದರೆ ಹೌದೋ ಅಲ್ಲವೋ ಹೇಳಲೇಬೇಕು.

ಹೊರಗೆ ಬರುವಾಗ ಅವರ ಆಪ್ತ ಸಹಾಯಕರಿಗೂ ಒಂದು ಹಾಳೆ ಕೊಟ್ಟು, ಅವರ ಫೋನ್ ನಂಬರ್ ತಗೊಳ್ಳಿ. ಮುಂದಿನ ತಿಂಗಳು ನಿಮ್ಮ ಫೈಲು ಎಲ್ಲಿ ಕೂತಿದೆ ಅಂತ ಹೇಳುವವರು ಅವರೇ.